ಪುಂಡಿ ನಾರು ಹಿಡಿದ ಡ್ರಾಯಿಂಗ್ ಮೇಷ್ಟ್ರು

ಸಾಗರ ತಾಲ್ಲೂಕಿನ ಹಳ್ಳಿಯೊಂದರಲ್ಲಿ ದೀವರ ಸಮುದಾಯದವರ ಮನೆ. ಭೂಮಿ ಹುಣ್ಣಿಮೆ ಹಬ್ಬ ಹತ್ತಿರ ಬಂದಿದೆ. ಚಿತ್ತಾರ ಕಲಿಯಲು ಜಗುಲಿಯ ಚಾಪೆಯ ಮೇಲೆ ನೀವು ಕೂತಿದ್ದೀರಿ, ಅಕ್ಕಪಕ್ಕದಲ್ಲಿ ಬೇರೆ ಬೇರೆ ಹೈಸ್ಕೂಲುಗಳ ಡ್ರಾಯಿಂಗ್ ಮೇಷ್ಟ್ರುಗಳು, ಟೀಚರುಗಳು. ಸೂರಿನಿಂದ ಮಳೆನೀರು ತೊಟ್ಟಿಕ್ಕುತ್ತಿದೆ. ಪೋಸ್ಟರ್ ಕಲರ್, ರಬ್ಬರು, ಸ್ಕೇಲು ಎಲ್ಲ ನಿಮ್ಮ ಚೀಲದಲ್ಲೇ ಇವೆ. ಇಲ್ಲಿ ಅವಕ್ಕೆ ಕೆಲಸವಿಲ್ಲ.

ಎದುರಿಗೆ ಬಿದಿರಿನ ಬುಟ್ಟಿ. ಸಗಣಿ ಬಳಿದು ಒಣಗಿಸಿ, ಮೇಲೆ ಕೆಮ್ಮಣ್ಣು ಹಚ್ಚಿದ್ದಾರೆ. ಹಬ್ಬದ ದಿನ ತುಂಬು ಗರ್ಭಿಣಿಯಾದ ಗದ್ದೆಗೆ ಬಯಕೆಯ ಊಟ ಹೊತ್ತೊಯ್ಯುವುದು ಇಂಥ ಬುಟ್ಟಿಯಲ್ಲೇ. ಮನೆಯ ಹಿರಿಯಮ್ಮ ಗರಟೆಗಳನ್ನು ನಿಮ್ಮ ಕಡೆ ಸರಿಸುತ್ತಾರೆ. ಒಂದರಲ್ಲಿ ನೆನೆಸಿ ಅರೆದ ಅಕ್ಕಿಯ ಬಿಳಿ, ಇನ್ನೊಂದರಲ್ಲಿ ಸುಟ್ಟ ಅಕ್ಕಿಯ ಕಪ್ಪು, ಮತ್ತೊಂದರಲ್ಲಿ ಗುರಿಗೆ ಬೀಜದ ಹಳದಿ. ಕುಂಚವೆಂದರೆ ಪುಂಡಿ ನಾರಿನ ಸಣ್ಣ ಕಟ್ಟು.

ನೀವು ಅದ್ದಿ, ಉಸಿರು ಬಿಗಿಹಿಡಿದು ಗೆರೆ ಎಳೆಯುತ್ತೀರಿ. ಹಸಿಯಿದ್ದಾಗ ಅಕ್ಕಿಹಿಟ್ಟು ಕೆಮ್ಮಣ್ಣಿನ ಮೇಲೆ ಸರಿಯಾಗಿ ಕಾಣುವುದೇ ಇಲ್ಲ. ಅನುಮಾನ ಬಂದು ಅದೇ ಜಾಗಕ್ಕೆ ಮತ್ತೆ ತಿದ್ದುತ್ತೀರಿ. ಹಿರಿಯಮ್ಮ ನಗುತ್ತಾರೆ.

‘ತಿದ್ದಬೇಡಿ ಮೇಷ್ಟ್ರೇ. ಒಣಗ್ಲಿ, ಆಮೇಲೆ ಕಾಣ್ತದೆ.’

ಸ್ವಲ್ಪ ಹೊತ್ತಿನಲ್ಲಿ ಗೆರೆ ಬೆಳ್ಳಗೆ ಮೇಲೇಳುತ್ತದೆ. ತಿದ್ದಿದ ಜಾಗ ಮಾತ್ರ ಹಗ್ಗದಂತೆ ದಪ್ಪ. ಮಗು ಪೆನ್ಸಿಲ್ ಎತ್ತುವ ಮೊದಲೇ ‘ಇದು ಹೀಗಲ್ಲ’ ಎಂದು ಕೈಹಾಕುವ ನಿಮ್ಮ ಅಭ್ಯಾಸ ನೆನಪಾಗುತ್ತದೆ. ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಮಕ್ಕಳನ್ನು ತಯಾರು ಮಾಡುವ ಅವಸರದಲ್ಲಿ ಬೆಳೆದ ಅಭ್ಯಾಸ ಅದು.

ಹಿರಿಯಮ್ಮ ಈಗ ಒಳಗಿನ ಗೋಡೆ ತೋರಿಸುತ್ತಾರೆ. ಮದುವೆಗೆ ಬರೆದ ಹಸೆ ಚಿತ್ತಾರ. ವಧೂವರರನ್ನು ಕೂರಿಸಿದ್ದು ಇದರ ಮುಂದೆ. ಹೊರ ಚೌಕಟ್ಟಿನ ಎಳೆಗಳು ಒಂದರ ಪಕ್ಕ ಒಂದು ಸಮನಾಗಿ ಓಡಿವೆ. ಸ್ಕೇಲಿಲ್ಲದೆ ಅಂತರ ಹೇಗೆ ಉಳಿಯಿತೆಂದು ಕೇಳುತ್ತೀರಿ. ಅವರು ಹೇಳುವುದಿಲ್ಲ, ಎಳೆದು ತೋರಿಸುತ್ತಾರೆ. ಕಣ್ಣಿರುವುದು ನಾರಿನ ತುದಿಯ ಮೇಲಲ್ಲ, ಹಿಂದಿನ ಎಳೆಯ ಮೇಲೆ. ಎಷ್ಟೋ ವರ್ಷ ಕಲಿಸಿದ ವಿನ್ಯಾಸ ಪಾಠ ನಿಮಗೆ ಹೊಸದಾಗಿ ಅರ್ಥವಾಗುವ ಗಳಿಗೆ ಇದು.

ಪಕ್ಕದ ಟೀಚರ್ ಮೊಬೈಲಿನಲ್ಲಿ ಚಿತ್ತಾರದ ಫೋಟೋ ಹಿಡಿಯುತ್ತಾರೆ. ನಾಳೆ ಚಾರ್ಟಿನ ಮೇಲೆ ಮಕ್ಕಳಿಂದ ಬರೆಸಬಹುದಲ್ಲ! ಬರೆಸಬಹುದು. ಆದರೆ ಮಣ್ಣು, ಅಕ್ಕಿ, ಹಬ್ಬ, ಬರೆದವರ ಹೆಸರು ಇವೆಲ್ಲ ಬಿಟ್ಟುಹೋದರೆ ಉಳಿಯುವುದು ಬರೀ ಬಾರ್ಡರ್ ಡಿಸೈನು. ಅದರ ಬದಲು ಮಕ್ಕಳಿಗೆ ತಮ್ಮ ತಮ್ಮ ಹೊಲದ ಒಂದು ಹಿಡಿ ಮಣ್ಣು ತರಲು ಹೇಳಿ. ಜರಡಿ ಹಿಡಿದು, ಸ್ವಲ್ಪ ಅಂಟು ಬೆರೆಸಿದರೆ ಒಂದೇ ತರಗತಿಯಲ್ಲಿ ಎಷ್ಟು ಬಗೆಯ ಕೆಂಪು, ಕಂದು, ಬೂದು ಸಿಗುತ್ತವೆ ನೋಡಿ.

ಹಳ್ಳಿಯ ಕಲೆಯಿಂದ ಕಲಿಯುವುದೇನೂ ಹೊಸ ದಾರಿಯಲ್ಲ. ಚಿತ್ರಕಲಾವಿದ ನಂದಲಾಲ್ ಬೋಸ್ ಇದ್ದ ಕಾಲದಲ್ಲೇ ಶಾಂತಿನಿಕೇತನದ ಕಲಾಭವನದಲ್ಲಿ ಬಂಗಾಳದ ಹೆಂಗಸರು ನೆಲದ ಮೇಲೆ ಬರೆಯುವ ಆಲ್ಪನಾ ಚಿತ್ತಾರಕ್ಕೆ ಪಾಠದ ಸ್ಥಾನ ಸಿಕ್ಕಿತ್ತು. 1938ರ ಹರಿಪುರ ಕಾಂಗ್ರೆಸ್ ಅಧಿವೇಶನಕ್ಕೆ ಬೋಸ್ ಬರೆದ ಚಿತ್ರಗಳಲ್ಲಿ ದುಡಿಯುವ ಹಳ್ಳಿಜನ ತುಂಬಿದ್ದರು.

ಕಲಾ ಶಿಕ್ಷಕರ ತರಬೇತಿಯೆಂದರೆ ಸಭಾಂಗಣ, ಪ್ರೊಜೆಕ್ಟರ್, ಪ್ರಮಾಣಪತ್ರ ಇಷ್ಟೇ ಆಗಬೇಕಿಲ್ಲ. ಕೊಪ್ಪಳದ ಕಡೆಯವರಿಗೆ ಕಿನ್ನಾಳದ ಮರದ ಬೊಂಬೆಗಳಿವೆ, ಬೀದರಿನವರಿಗೆ ಬಿದ್ರಿ ಲೋಹಕಲೆ, ರಾಮನಗರದವರಿಗೆ ಚನ್ನಪಟ್ಟಣದ ಅರಗಿನ ಬಣ್ಣ. ಹೋಗಿ, ನೆಲದ ಮೇಲೆ ಕೂತು ವಿದ್ಯಾರ್ಥಿಯಾಗಿ. ಆಮೇಲೆ ನಿಮಗೆ ಕಲಿಸಿದ ಕುಶಲಕರ್ಮಿಯನ್ನು ನಿಮ್ಮ ಶಾಲೆಗೆ ಕರೆಸಿ. ಗೌರವಧನ ಕೊಟ್ಟು, ಕುರ್ಚಿ ಹಾಕಿ, ಮಕ್ಕಳಿಗೆ ‘ಇವರು ನನ್ನ ಗುರುಗಳು’ ಎಂದು ಪರಿಚಯಿಸಿ.