ಹಲಸೂರು ಕೆರೆ ದಾಟಿ ಪೋಪ್ ಮನೆಗೆ

ಶಾಲೆಯಿಂದ ಬಂದ ಮಗ ಬೂಟು ಬಿಚ್ಚುತ್ತಲೇ, 'ಅಜ್ಜಿ, ನಾಡಿದ್ದು ಪೋಪ್‌ಗೂ ಥಾಮಸ್‌ಗೂ ಮ್ಯಾಚು' ಎಂದು ಕೂಗಿದ. ನಡುಮನೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದ ನಮ್ಮ ತಾಯಿ ತಲೆಯೆತ್ತಿ, 'ಪೋಪ್ ಅಂದ್ರೆ ಆ ರೋಮಿನ ಗುರುಗಳೇನೋ? ಅವರು ಯಾಕಪ್ಪ ಇಲ್ಲಿ ಮ್ಯಾಚ್ ಆಡೋಕೆ ಬರ್ತಾರೆ?' ಎಂದರು. ಹುಡುಗ ಬಿದ್ದು ಬಿದ್ದು ನಕ್ಕ. 'ಅಲ್ಲಜ್ಜಿ, ಅದು ನಮ್ಮ ಹೌಸು. ನಾನು ಪೋಪ್ ಹೌಸ್.' 'ಸರಿ, ಯಾರು ಆ ಪೋಪು?' ಈಗ ಹುಡುಗ ನನ್ನ ಮುಖ ನೋಡಿದ. ನಾನು ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡೆ.

ಅದೇ ವಾರ ಕನ್ನಡದ ಮೇಡಂ ಕೂಡ ಅದನ್ನೇ ಕೇಳಬೇಕೆ! ನಿಮ್ಮ ನಿಮ್ಮ ಹೌಸಿಗೆ ಯಾರ ಹೆಸರಿದೆ, ಅವರು ಯಾರು ಎಂದು ಒಂದು ಪುಟ ಕನ್ನಡದಲ್ಲಿ ಬರೆದುಕೊಂಡು ಬನ್ನಿ ಎಂದಿದ್ದರಂತೆ. ನಮ್ಮ ಹುಡುಗ ಕನ್ನಡದಲ್ಲಿ ಜಗಳವಾಡಬಲ್ಲ, ಆಟೋದವರ ಹತ್ತಿರ ಚೌಕಾಶಿ ಮಾಡಬಲ್ಲ. ಬರೆಯಲು ಕೂತರೆ ಮಾತ್ರ ಒತ್ತಕ್ಷರ ಬಂದಲ್ಲೆಲ್ಲ ಬೆವರುತ್ತಾನೆ. ತಪ್ಪು ಶಾಲೆಯದಲ್ಲ, ನಮ್ಮದು. ಮನೆಗೆ ಬರುವ ಪುಸ್ತಕಗಳಲ್ಲಿ ಕನ್ನಡದ್ದು ಎಷ್ಟು ಎಂದು ಯಾರಾದರೂ ಕೇಳಿದರೆ ನಾನು ಮತ್ತೆ ಪತ್ರಿಕೆಯ ಹಿಂದೆಯೇ ಅವಿತುಕೊಳ್ಳಬೇಕು. ತಿಪಟೂರಿನಲ್ಲಿದ್ದಷ್ಟು ದಿನ ಅಮ್ಮ ಮೊಮ್ಮಗನಿಗೆ ಇನ್‌ಲ್ಯಾಂಡ್ ಪತ್ರ ಬರೆಯುತ್ತಿದ್ದರು. ಅವನು ಫೋನಿನಲ್ಲಿ ಉತ್ತರ ಹೇಳುತ್ತಿದ್ದ. 'ಒಂದು ಕಾಗದ ಬರೀಲಿಲ್ಲವಲ್ಲೋ ನನಗೆ' ಎಂಬ ಅವರ ಕೊರಗು ನಮ್ಮ ಮನೆಗೆ ಬಂದು ನೆಲೆಸಿದ ಮೇಲೂ ಹೋಗಿಲ್ಲ.

ಹಾಗಾಗಿ ಒಂದು ಶನಿವಾರ ಬೆಳಿಗ್ಗೆ ಅಪ್ಪ ಮಗ ಇಬ್ಬರೂ ಪೋಪ್ ಎಂಬುವರನ್ನು ಹುಡುಕಿಕೊಂಡು ಹೊರಟೆವು.

ಇಂದಿರಾನಗರದಲ್ಲಿ ನಿಂತು ಹಳೆಯದನ್ನು ಹುಡುಕುವುದು ಕಷ್ಟ. ಬಿನ್ನಮಂಗಲದ ಹೊಲ ತೋಟಗಳಿದ್ದ ಕಡೆ ಎಪ್ಪತ್ತರ ದಶಕದಲ್ಲಿ ಎದ್ದ ಬಡಾವಣೆ ಇದು. ಮೊದಮೊದಲು ಬಂದವರಲ್ಲಿ ಎಚ್.ಎ.ಎಲ್. ನೌಕರರು, ನಿವೃತ್ತ ಸೇನಾಧಿಕಾರಿಗಳು ಬಹಳ. ಮನೆ ಮುಂದೆ ಒಂದು ಮಾವಿನ ಮರ, ಹಿಂದೆ ಒಂದು ತೆಂಗು. ಈಗ ನೂರಡಿ ರಸ್ತೆಯಲ್ಲಿ ಆ ಮನೆಗಳ ಜಾಗದಲ್ಲಿ ಏನೇನಿದೆ ಎಂದು ಓದುಗರಿಗೆ ನಾನು ಹೇಳಬೇಕಾಗಿಲ್ಲ. ನಮ್ಮ ಬಡಾವಣೆ ಕಣ್ಣು ಬಿಡುವ ಹೊತ್ತಿಗೆ ಮಗನ ಶಾಲೆಗೆ ನೂರು ತುಂಬಿ ಹೋಗಿತ್ತು. ಸೇಂಟ್ ಮಾರ್ಕ್ಸ್ ರಸ್ತೆಯ ಬಿಷಪ್ ಕಾಟನ್ ಶಾಲೆ ಹುಟ್ಟಿದ್ದು 1865ರಲ್ಲಿ. ಇಲ್ಲಿಂದ ಅಲ್ಲಿಗೆ ಹೋಗುವುದೆಂದರೆ ಹೊಸ ಬೆಂಗಳೂರಿನಿಂದ ಹಳೆಯ ದಂಡಿಗೆ ಹೋದಂತೆ. ನಡುವೆ ಹಲಸೂರು.

ಆಟೋದಿಂದ ಇಳಿದದ್ದು ಹಲಸೂರು ಕೆರೆಯ ಹತ್ತಿರ. ಮಗ ಶಾಲೆಗೆ ಹೋಗುವಾಗ ದಿನವೂ ಹಲಸೂರು ಹಾದು ಹೋಗುವವನೇ. ಆದರೂ ಅಲ್ಲಿರುವ ತಿರುವಳ್ಳುವರ್ ಪ್ರತಿಮೆಯನ್ನು ನಿಂತು ನೋಡಿದ್ದು ಅಂದೇ ಮೊದಲು. ಈ ಪ್ರತಿಮೆಯ ಕಥೆ ದೊಡ್ಡವರಿಗೆ ನೆನಪಿದ್ದೀತು. 1991ರಲ್ಲಿ ಸಿದ್ಧವಾದರೂ ಎರಡು ರಾಜ್ಯಗಳ ಮನಸ್ತಾಪದಲ್ಲಿ ಸಿಕ್ಕಿ ಹದಿನೆಂಟು ವರ್ಷ ಮುಸುಕು ಹೊದ್ದುಕೊಂಡೇ ನಿಂತಿತ್ತು. 2009ರ ಆಗಸ್ಟ್ 9ರಂದು ಕರುಣಾನಿಧಿ, ಯಡಿಯೂರಪ್ಪ ಇಬ್ಬರೂ ಇಲ್ಲಿ ಸೇರಿದಾಗ ಅನಾವರಣವಾಯಿತು. ನಾಲ್ಕೇ ದಿನಕ್ಕೆ, ಆಗಸ್ಟ್ 13ರಂದು, ಚೆನ್ನೈನ ಅಯನಾವರದಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ತೆರೆಯಿತು. ಕೊಟ್ಟು ತೆಗೆದುಕೊಂಡ ಲೆಕ್ಕ ಎಂದು ಆಗ ಕೆಲವರು ನಕ್ಕಿದ್ದುಂಟು. ನನಗೆ ಮಾತ್ರ ಬೀಗರು ತಾಂಬೂಲ ಬದಲಾಯಿಸಿಕೊಂಡಂತೆ ಕಂಡಿತ್ತು.

'ಪೋಪ್ ಹುಡುಕೋಕೆ ಬಂದು ಇವರನ್ನ ಯಾಕೆ ನೋಡ್ತಿದ್ದೀವಿ ಅಪ್ಪ?' ಎಂದ ಮಗ. 'ನಿಮ್ಮ ಪೋಪ್ ಮೇಷ್ಟ್ರು ಇಂಗ್ಲಿಷಿಗೆ ತಂದದ್ದು ಇವರ ಪುಸ್ತಕವನ್ನೇ' ಎಂದೆ. ಅವನು ನಂಬಲಿಲ್ಲ. ಹಿಂದಿನ ರಾತ್ರಿ ಓದಿ ತಿಳಿದುಕೊಂಡಾಗ ನಾನೂ ನಂಬಿರಲಿಲ್ಲ.

ಜಾರ್ಜ್ ಉಗ್ಲೋ ಪೋಪ್ ಹುಟ್ಟಿದ್ದು 1820ರಲ್ಲಿ, ಕೆನಡಾದ ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ. ಬೆಳೆದದ್ದು ಇಂಗ್ಲೆಂಡಿನಲ್ಲಿ. 1839ರಲ್ಲಿ, ಇನ್ನೂ ಇಪ್ಪತ್ತು ತುಂಬಿರದ ಹುಡುಗ, ಪಾದ್ರಿ ಕೆಲಸಕ್ಕೆಂದು ಹಡಗು ಹತ್ತಿ ಮದರಾಸಿಗೆ ಬಂದ. ತಿರುನೆಲ್ವೇಲಿ ಕಡೆಯ ಸಾಯರ್‌ಪುರಂ, ಆಮೇಲೆ ತಂಜಾವೂರು, ಉದಕಮಂಡಲ. ಹೋದಲ್ಲೆಲ್ಲ ಶಾಲೆ, ಹೋದಲ್ಲೆಲ್ಲ ತಮಿಳು. ಶಿಸ್ತಿನ ವಿಷಯದಲ್ಲಿ ಬಲು ಬಿಗಿಯಾದ ಮೇಷ್ಟ್ರೆಂದು ಹೆಸರು. 1871ರಲ್ಲಿ ಬೆಂಗಳೂರಿಗೆ ಬಂದು, ಆಗಿನ್ನೂ ಆರು ವರ್ಷದ ಕೂಸಾಗಿದ್ದ ಕಾಟನ್ ಶಾಲೆಯ ಮುಖ್ಯಸ್ಥರಾಗಿ ಸುಮಾರು ಒಂದು ದಶಕ ನಡೆಸಿದರು. ಬೆಂಗಳೂರಿನ ಆ ದಿನಗಳಲ್ಲೂ ಅವರು ಸುಮ್ಮನೆ ಕೂತವರಲ್ಲ. ನೀಲಗಿರಿಯ ತೊದವರ ಭಾಷೆಗೆ ಅವರು ಬರೆದ ವ್ಯಾಕರಣದ ರೂಪರೇಖೆ 1873ರಲ್ಲಿ ಅಚ್ಚಾಯಿತು. ಇಂಗ್ಲೆಂಡಿಗೆ ಮರಳಿದ ಮೇಲೆ ಆಕ್ಸ್‌ಫರ್ಡಿನಲ್ಲಿ ತಮಿಳು, ತೆಲುಗು ಕಲಿಸಿದರು. 1,330 ಕುರಳ್‌ಗಳ ಇಂಗ್ಲಿಷ್ ಪದ್ಯಾನುವಾದ 1886ರಲ್ಲಿ ಬಂತು. 'ತಿರುವಾಚಕ'ದ ಅನುವಾದ ಬಂದದ್ದು 1900ರಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ. ತೀರಿಕೊಂಡದ್ದು 1908ರಲ್ಲಿ. 1968ರ ವಿಶ್ವ ತಮಿಳು ಸಮ್ಮೇಳನದ ಹೊತ್ತಿಗೆ ಮದರಾಸಿನ ಮರೀನಾ ಕಡಲತೀರದಲ್ಲಿ ಅವರ ಪ್ರತಿಮೆಯನ್ನೂ ನಿಲ್ಲಿಸಿದರು.

ಪೋಪರ ಸಮಾಧಿಯ ಮೇಲೆ 'ತಮಿಳು ವಿದ್ಯಾರ್ಥಿ' ಎಂದು ಕೆತ್ತಿದೆ ಎಂಬ ಮಾತು ಬಹಳ ಜನಪ್ರಿಯ. ಭಾಷಣಗಳಲ್ಲಿ ನೀವೂ ಕೇಳಿರಬಹುದು. ಆಕ್ಸ್‌ಫರ್ಡಿನ ಆ ಕಲ್ಲಿನ ಮೇಲೆ ಹಾಗೆ ಬರೆದಿಲ್ಲ. ಅದನ್ನು ನೆಟ್ಟವರು ಮನೆಯವರು ಮತ್ತು ದಕ್ಷಿಣ ಭಾರತದ ತಮಿಳು ಗೆಳೆಯರು ಎಂದಿದೆ. ನನ್ನನ್ನು ಕೇಳಿದರೆ ನಿಜವೇ ಕಥೆಗಿಂತ ಚೆನ್ನಾಗಿದೆ. ತನ್ನ ಬಗ್ಗೆ ತಾನೇ ಏನು ಬೇಕಾದರೂ ಬರೆಸಿಕೊಳ್ಳಬಹುದು. ಏಳು ಸಮುದ್ರದಾಚೆಯ ಗೆಳೆಯರು ಸೇರಿ ಕಲ್ಲು ಹಾಕಿಸಬೇಕಾದರೆ ಅದಕ್ಕೆ ಬೇರೆಯೇ ಬಾಳು ಬೇಕು.

ಕೆರೆಯ ಪಕ್ಕದ ಮದರಾಸು ಸ್ಯಾಪರ್ಸ್ ಸೇನಾ ನೆಲೆಯನ್ನು ಬಳಸಿ ಟ್ರಿನಿಟಿ ವೃತ್ತಕ್ಕೆ ನಡೆದೆವು. ದಂಡು ಎಂಬ ಹೆಸರಿಗೆ ಅರ್ಥ ಇಲ್ಲಿ ಸಿಗುತ್ತದೆ. ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿದ ಬ್ರಿಟಿಷ್ ಸೇನೆ 1809ರಲ್ಲಿ ಈ ಕಡೆ ಬಿಡಾರ ಹೂಡಿತು. ಸೈನಿಕರ ಹಿಂದೆ ಸಾಮಾನು ಒದಗಿಸುವವರು, ಅಡುಗೆಯವರು, ದೋಬಿಗಳು, ಗುಮಾಸ್ತರು ಬಂದರು. ಅವರಲ್ಲಿ ತಮಿಳರೇ ಹೆಚ್ಚು. ಪೇಟೆಯ ಕನ್ನಡಕ್ಕೂ ದಂಡಿನ ತಮಿಳು, ಉರ್ದು, ಇಂಗ್ಲಿಷುಗಳಿಗೂ ನಡುವೆ ಕಬ್ಬನ್ ಪಾರ್ಕಿನ ಮರಗಳು. 1947ರವರೆಗೆ ದಂಡಿನ ಆಡಳಿತವೂ ಬೇರೆಯೇ ಇತ್ತು. ವೃತ್ತದ ಮೂಲೆಯ ಹೋಲಿ ಟ್ರಿನಿಟಿ ಚರ್ಚು 1851ರದು. ಒಳಗೆ ಗೋಡೆಯ ತುಂಬ ಸತ್ತ ಸೈನಿಕರ ಹೆಸರಿನ ಕಲ್ಲುಗಳು. ಹೊರಗೆ ತಲೆಯ ಮೇಲೆ 2011ರಿಂದ ಮೆಟ್ರೋ.

ಮಹಾತ್ಮ ಗಾಂಧಿ ರಸ್ತೆಯಲ್ಲಿ ಮೇಯೋ ಹಾಲ್ ಹತ್ತಿರ ಬಂದಾಗ ಮಗನೇ ನಿಂತು, 'ಇವರು ಯಾರು?' ಎಂದ. ಕಿಟೆಲ್. ಆಂಗ್ಲಿಕನ್ ಅಲ್ಲ, ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿ. ನಮ್ಮ ಶಾಲೆಯ ಕಥೆಗೆ ಸೇರುವವರಲ್ಲ, ಆದರೂ ದಾಟಿ ಹೋಗಲು ಮನಸ್ಸಾಗಲಿಲ್ಲ. ಸುಮಾರು 70 ಸಾವಿರ ಶಬ್ದಗಳ ಕನ್ನಡ–ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಕೊಟ್ಟವರು ಎಂದು ಹೇಳಿದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, 'ಅವರಿಗೆ ಒತ್ತಕ್ಷರ ಕಷ್ಟ ಆಗ್ಲಿಲ್ವಾ?' ಎಂದು ಕೇಳಿದ.

ರಸ್ತೆಯ ಪಡುವಣ ತುದಿಯಲ್ಲಿ ಸೇಂಟ್ ಮಾರ್ಕ್ಸ್ ಕೆಥೆಡ್ರಲ್. 1808ರಲ್ಲಿ ಶುರುವಾಗಿ, 1816ರಲ್ಲಿ ಪ್ರತಿಷ್ಠಾಪನೆಗೊಂಡು, 1923ರಲ್ಲಿ ಬೆಂಕಿಗೆ ತುತ್ತಾಗಿ, 1927ರಲ್ಲಿ ಮತ್ತೆ ಬಾಗಿಲು ತೆರೆದ ಚರ್ಚು. ಶಾಲೆಯ ಬೇರು ಇರುವುದು ಇಲ್ಲಿ. ಇಲ್ಲಿನ ಪಾದ್ರಿ ಸ್ಯಾಮ್ಯುಯೆಲ್ ಥಾಮಸ್ ಪೆಟಿಗ್ರೂ ದಂಡಿನ ಯುರೋಪಿಯನ್, ಆಂಗ್ಲೋ–ಇಂಡಿಯನ್ ಮಕ್ಕಳಿಗೊಂದು ಶಾಲೆ ಬೇಕೆಂದು ಹೊರಟರು. ಮೊದಲು ಹೈಗ್ರೌಂಡ್ಸ್‌ನಲ್ಲಿ ಶುರುವಾದ ಶಾಲೆ ಆಮೇಲೆ ಈಗಿನ ಜಾಗಕ್ಕೆ ಬಂತು. ಹೆಸರು ಕಲ್ಕತ್ತೆಯ ಬಿಷಪ್ ಜಾರ್ಜ್ ಎಡ್ವರ್ಡ್ ಲಿಂಚ್ ಕಾಟನ್ ಅವರದು. ಹಿಂದೆ ಇಂಗ್ಲೆಂಡಿನ ರಗ್ಬಿ ಶಾಲೆಯಲ್ಲಿ ಮೇಷ್ಟ್ರು, ಮಾರ್ಲ್‌ಬರೋದಲ್ಲಿ ಹೆಡ್‌ಮಾಸ್ಟರ್ ಆಗಿದ್ದವರು; ಶಿಮ್ಲಾ ಶಾಲೆಗೂ ಅವರದೇ ಹೆಸರು. 1866ರ ಅಕ್ಟೋಬರ್ 6ರಂದು, ಈಗಿನ ಬಾಂಗ್ಲಾದೇಶದ ಕುಷ್ಟಿಯಾದಲ್ಲಿ ಹಬೆ ದೋಣಿ ಹತ್ತುವಾಗ ಹಲಗೆಯಿಂದ ಜಾರಿ ನದಿಗೆ ಬಿದ್ದರು. ದೇಹವೂ ಸಿಗಲಿಲ್ಲ.

ಈ 'ಮನೆ'ಗಳ ಪದ್ಧತಿಯನ್ನು ತಂದೆ ತಾಯಿಗಳಿಗೆ ಒಂದು ಮಾತಿನಲ್ಲಿ ಹೇಳುವುದಾದರೆ, ಅದು ಇಂಗ್ಲೆಂಡಿನ ವಸತಿ ಶಾಲೆಗಳಿಂದ ಬಂದದ್ದು. ಅಲ್ಲಿ ಹುಡುಗರು ನಿಜವಾಗಿಯೂ ಬೇರೆ ಬೇರೆ ಮನೆಗಳಲ್ಲಿ ಇರುತ್ತಿದ್ದರು. ಇಲ್ಲಿ ಮನೆ ಹೋಗಿ ಹೆಸರು ಉಳಿಯಿತು. ಪೆಟಿಗ್ರೂ, ಪೋಪ್, ಪಾಕೆನ್‌ಹ್ಯಾಮ್ ವಾಲ್ಷ್, ಥಾಮಸ್, ಎಲ್ಫಿಕ್ ಎಂದು ಹಂಚಿಕೊಂಡು ಓಟ, ಚರ್ಚಾಕೂಟ, ನಾಟಕ, ಕ್ರಿಕೆಟ್ ಎಲ್ಲದರಲ್ಲೂ ಪೈಪೋಟಿ. ಶಾಲೆಯ ವರ್ಷದ ಸುದ್ದಿಯೆಲ್ಲ ಈ ಹೆಸರುಗಳ ಸೋಲು ಗೆಲುವೇ. ಆರನೇ ಕ್ಲಾಸಿನ ಹುಡುಗ ಪೋಪ್ ಸೋತರೆ ರಾತ್ರಿ ಊಟ ಬಿಡುತ್ತಾನೆ, ಪೋಪ್ ಯಾರು ಎಂದರೆ ಕಣ್ಣು ಕಣ್ಣು ಬಿಡುತ್ತಾನೆ. ಪಾಕೆನ್‌ಹ್ಯಾಮ್ ವಾಲ್ಷ್ ಎಂಬ ಉದ್ದ ಹೆಸರಿನವರೂ ಕಡಿಮೆಯವರಲ್ಲ. ಈ ಶಾಲೆ ನಡೆಸಿ, 1915ರಲ್ಲಿ ಅಸ್ಸಾಮಿನ ಮೊದಲ ಬಿಷಪ್ ಆಗಿ, ಕೊನೆಗೆ ಕೊಯಮತ್ತೂರಿನ ಬಳಿ ಆಶ್ರಮ ಕಟ್ಟಿಕೊಂಡು ಕೂತವರು.

ಸೇಂಟ್ ಮಾರ್ಕ್ಸ್ ರಸ್ತೆಯ ಅಗಲ ಕಾಲುದಾರಿಯಲ್ಲಿ, ಕೋಶೀಸ್ ಮುಂದೆ ಕಾಫಿಯ ವಾಸನೆಗೆ ಮನಸ್ಸು ಸೋಲುತ್ತಿದ್ದರೂ ತಡೆದುಕೊಂಡು, ಶಾಲೆಯ ಗೇಟು ತಲುಪಿದೆವು. ಹುಡುಗರ ಶಾಲೆ, ಹುಡುಗಿಯರ ಶಾಲೆ ಒಂದೇ ರಸ್ತೆಯ ಎರಡು ಕಡೆ. ಶಾಲೆ ಬಿಡುವ ಹೊತ್ತಿಗೆ ಬಂದವರಿಗೆ ಇದು ರಸ್ತೆಯೆಂದೇ ಗೊತ್ತಾಗುವುದಿಲ್ಲ. ಕಾರು, ಆಟೋ, ವ್ಯಾನುಗಳ ಜಾತ್ರೆ. ಶನಿವಾರವಾದ್ದರಿಂದ ಗೇಟಿನ ಲಾಂಛನವನ್ನು ನಿಧಾನವಾಗಿ ನೋಡಲು ಸಾಧ್ಯವಾಯಿತು. ಶಾಲೆಯ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿದೆ: ಬಲಕ್ಕೂ ಇಲ್ಲ, ಎಡಕ್ಕೂ ಇಲ್ಲ ಎಂದರ್ಥ. ಬೆಂಗಳೂರಿನ ದ್ವಿಚಕ್ರ ಸವಾರರಿಗೆ ಯಾರಾದರೂ ಇದನ್ನು ಕಲಿಸಬಾರದೆ!

ಪೋಪರ ಕಾಲದಲ್ಲಿ ಈ ಶಾಲೆ ನಮ್ಮಂಥವರ ಮಕ್ಕಳಿಗಾಗಿ ಇದ್ದದ್ದಲ್ಲ. ಅದು ಬದಲಾದದ್ದು ಒಂದೇ ದಿನದಲ್ಲೂ ಅಲ್ಲ. ಕೊಡಗಿನಲ್ಲಿ ಹುಟ್ಟಿದ ಇಬ್ಬರು ಹುಡುಗರನ್ನು ನೋಡಿ. ಒಬ್ಬ ಕಾಫಿ ತೋಟದ ಬ್ರಿಟಿಷ್ ಕುಟುಂಬದ ವಿಲಿಯಂ ಲೀಫ್ ರಾಬಿನ್ಸನ್. ಇಲ್ಲಿ ಓದಿ ಇಂಗ್ಲೆಂಡಿಗೆ ಹೋಗಿ, 1916ರ ಸೆಪ್ಟೆಂಬರ್ 3ರಂದು ಇಂಗ್ಲೆಂಡಿನ ಆಕಾಶದಲ್ಲಿ ಜರ್ಮನ್ ವಾಯುನೌಕೆ ಉರುಳಿಸಿ ವಿಕ್ಟೋರಿಯಾ ಕ್ರಾಸ್ ಪಡೆದ. ಇನ್ನೊಬ್ಬ, ಅವನಿಗಿಂತ ಹನ್ನೊಂದು ವರ್ಷ ಕಿರಿಯ, ಮಡಿಕೇರಿಯ ಕೊಡವ ಹುಡುಗ. ಮುಂದೆ ಸ್ವತಂತ್ರ ಭಾರತದ ಸೇನಾ ಮುಖ್ಯಸ್ಥರಾದ ಜನರಲ್ ತಿಮ್ಮಯ್ಯ. ಇನ್ನೂ ಸ್ವಲ್ಪ ಕಾಲಕ್ಕೆ ಅಣುವಿಜ್ಞಾನಿ ರಾಜಾ ರಾಮಣ್ಣ ಇಲ್ಲಿಯೇ ಓದಿದರು. 1947ರ ಸೆಪ್ಟೆಂಬರಿನಲ್ಲಿ ಇಲ್ಲಿನ ಆಂಗ್ಲಿಕನ್ನರು ಇತರರೊಡನೆ ಸೇರಿ ದಕ್ಷಿಣ ಭಾರತ ಸಭೆಯಾದರು, ಶಾಲೆಯೂ ಅದರ ಆಡಳಿತಕ್ಕೆ ಬಂತು. ರಾಜ್ಯದ ಎಲ್ಲ ಶಾಲೆಗಳಲ್ಲಿ ಕನ್ನಡ ಕಲಿಸಬೇಕೆಂಬ ಕಾನೂನು 2015ರದು. ಕಾನೂನು ಪಾಠ ಇಡಿಸಬಹುದು. ಸಂಜೆ ಮಗುವಿನ ಪಕ್ಕ ಕೂತು ಓದಿಸಬೇಕಾದವರು ಬೇರೆ.

ಮನೆಗೆ ಮರಳಿ ಎಲ್ಲವನ್ನೂ ವರದಿ ಮಾಡಿದಾಗ ಅಮ್ಮನಿಗೆ ಪೋಪ್, ಪೆಟಿಗ್ರೂ ಯಾರೂ ರುಚಿಸಲಿಲ್ಲ. ರಾಜಾ ರಾಮಣ್ಣ ಹುಟ್ಟಿದ್ದು ತಿಪಟೂರಿನಲ್ಲಿ ಎಂದ ಕೂಡಲೇ ಕಣ್ಣು ಅರಳಿತು. 'ಮೊದಲೇ ಹೇಳಬಾರದಾ, ನಮ್ಮೂರ ಹುಡುಗ ಓದಿದ ಶಾಲೆ ಅಂತ!' ಹಾಗೆಂದು ಪ್ರಸನ್ನರಾಗಿ, ಕನ್ನಡಕ ಹಾಕಿಕೊಂಡು ಮೊಮ್ಮಗನ ಪಕ್ಕ ಕೂತರು.

ಭಾನುವಾರ ಇಡೀ ಮಧ್ಯಾಹ್ನ ಹಿಡಿಯಿತು. ರೂಲ್ಡ್ ಹಾಳೆಯಲ್ಲಿ ಹದಿನಾಲ್ಕು ಸಾಲು. 'ಇಂಗ್ಲೆಂಡ್' ಮೂರು ಸಲ ತಿದ್ದಿಸಿಕೊಂಡಿತು, 'ಆಕ್ಸ್‌ಫರ್ಡ್' ಐದು ಸಲ. ಕೊನೆಗೆ ಅವನು ಎದ್ದು ನಿಂತು ಓದಿದ. 'ಪೋಪನು ಕೆನಡಾದಲ್ಲಿ ಹುಟ್ಟಿದನು. ಪೋಪನು ತಮಿಳು ಕಲಿತನು...'

ಅಮ್ಮ ಕೈಯೆತ್ತಿ ನಿಲ್ಲಿಸಿದರು. 'ಪೋಪನು ಅಂತೀಯೇನೋ? ಮೇಷ್ಟ್ರಲ್ವಾ ಅವರು? ಪೋಪರು ಅನ್ನು. ಹುಟ್ಟಿದರು, ಕಲಿತರು. ಎಲ್ಲಾ ತಿದ್ದು.'

ಹುಡುಗ ಗೊಣಗುತ್ತ ಹೊಸ ಹಾಳೆ ತೆಗೆದ.