ಟಣ್ ಅಂದರೆ ಗಟ್ಟಿ, ದಬ್ ಅಂದರೆ ಸಡಿಲ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು – ಮೂರೂ ಹುಬ್ಬಳ್ಳಿ-ಬೆಂಗಳೂರು ರೈಲುಮಾರ್ಗದ ಊರುಗಳು. ಬೆಳಿಗ್ಗೆ ಹಾವೇರಿಯಲ್ಲಿ ಇಳಿದರೆ ಸಂಜೆಯೊಳಗೆ ಮೂರನ್ನೂ ನೋಡಬಹುದು. ನನ್ನ ಕೆಲಸ ಗ್ಲೈಡರ್ ರಿಪೇರಿ. ಗ್ಲೈಡರ್ ಅಂದರೆ ಎಂಜಿನ್ ಇಲ್ಲದೆ ಹದ್ದಿನ ಹಾಗೆ ತೇಲುವ ವಿಮಾನ. ಅದಕ್ಕೇ ಯಾವ ಊರಿಗೆ ಹೋದರೂ, ಜನ ಯಾವುದಕ್ಕೆ ಯಾವುದನ್ನು ಹೇಗೆ ಜೋಡಿಸಿದ್ದಾರೆ ಎಂದು ನೋಡುವುದು ನನಗೆ ರೂಢಿ.

ಹಾವೇರಿಯ ಸಿದ್ಧೇಶ್ವರ ಗುಡಿ ಚಾಲುಕ್ಯರ ಕಾಲದ್ದು. ಬಳಪದ ಕಲ್ಲಿನ ಮೇಲೆ ಬಳಪದ ಕಲ್ಲು ಕೂತಿದೆ, ನಡುವೆ ಗಾರೆ ಇಲ್ಲ. ಎರಡೂ ಒಂದೇ ಜಾತಿಯ ಕಲ್ಲಾದ್ದರಿಂದ ಬಿಸಿಲಿಗೆ ಸಮನಾಗಿ ಹಿಗ್ಗುತ್ತವೆ, ಸಮನಾಗಿ ಕುಗ್ಗುತ್ತವೆ. ಜಗಳವೇ ಇಲ್ಲ.

ಬ್ಯಾಡಗಿಯಲ್ಲಿ ಇಳಿದರೆ ಮೊದಲು ಸೀನು, ಆಮೇಲೆ ಮಾತು! 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಇಲ್ಲಿಯ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ರೈತರೊಬ್ಬರು ಒಂದು ಕಾಯಿಯನ್ನು ನನ್ನ ಕಿವಿಯ ಹತ್ತಿರ ಅಲುಗಿಸಿದರು. ಒಳಗೆ ಬೀಜ ಗಲಗಲ ಅಂದಿತು. “ಒಣಗೇತ್ರಿ” ಎಂದರು. ನಮ್ಮ ಕೆಲಸದಲ್ಲೂ ಹೀಗೇ, ಕಣ್ಣಿಗೆ ಕಾಣದ್ದನ್ನು ಕಿವಿ ಹೇಳುತ್ತದೆ.

ರಾಣೆಬೆನ್ನೂರಿನ ಅಂಚಿನಲ್ಲಿ ಹಿರಿಯ ಬಡಿಗೇರರೊಬ್ಬರು ಚಕ್ಕಡಿಯ ಹಳೇ ಗಾಲಿ ರಿಪೇರಿ ಮಾಡುತ್ತಿದ್ದರು. ಮರದ ಗಾಲಿಗೆ ಕಬ್ಬಿಣದ ಹಳಿ ತೊಡಿಸುವುದು ಅಂಟಿನಿಂದಲ್ಲ. ಗಾಲಿಗಿಂತ ತುಸು ಚಿಕ್ಕದಾಗಿ ಹಳಿ ಮಾಡಿ, ಕುಳ್ಳಿನ ಬೆಂಕಿಯಲ್ಲಿ ಕಾಯಿಸುತ್ತಾರೆ. ಕಾದ ಹಳಿ ಹಿಗ್ಗುತ್ತದೆ. ಅದನ್ನು ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ, ಬಿಗಿಯಾಗಿ ಹಿಡಿಯುತ್ತದೆ.

“ಬ್ಯಾಸಿಗ್ಯಾಗ ಸಡಿಲ ಆಗೂದಿಲ್ಲೇನ್ರಿ, ಅಜ್ಜಾರ?” ಎಂದೆ.

“ಆಗತೈತ್ರಿ. ಕಟಿಗಿ ಒಣಗಿದ್ರ ಸಣ್ಣದಾಗತೈತಿ, ನೀರ್ ಕುಡದ್ರ ಉಬ್ಬತೈತಿ. ಕಬ್ಬಿಣದ ಸ್ವಭಾವನ ಬ್ಯಾರೆ. ಎರಡೂ ತಿಳ್ಕೊಂಡು ಕೂಡಿಸ್ಬೇಕ್ರಿ” ಎಂದು ಗಾಲಿಗೆ ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಟ್ಟರು.

ಗ್ಲೈಡರಿನ ಕಷ್ಟವೂ ಇದೇ. ಅದರ ರೆಕ್ಕೆ ಗಾಜಿನ ಅಥವಾ ಕಾರ್ಬನ್ ನಾರಿನ ಬಟ್ಟೆಯನ್ನು ಎಪಾಕ್ಸಿ ಎಂಬ ಅಂಟಿನಲ್ಲಿ ನೆನೆಸಿ ಮಾಡಿದ್ದು. ಬೆಂಗಳೂರಿನ ಎನ್‌ಎಎಲ್ ರೂಪಿಸಿದ ಹಂಸ ತರಬೇತಿ ವಿಮಾನದ ಒಡಲೂ ಇಂಥದ್ದೇ. ಪೈಲಟ್ ಕೈಯ ಹಿಡಿಕೆಯಿಂದ ಬರುವ ಸರಳುಗಳು ಸೇರುವ ಕೆಲವು ಕಡೆ ಅಲ್ಯೂಮಿನಿಯಂ ತುಂಡನ್ನು ಈ ನಾರಿಗೆ ಅಂಟಿಸಿರುತ್ತಾರೆ. 10 ಡಿಗ್ರಿ ಬಿಸಿ ಏರಿದರೆ ಒಂದು ಮೀಟರ್ ಅಲ್ಯೂಮಿನಿಯಂ ಸುಮಾರು 0.23 ಮಿಲಿಮೀಟರ್ ಉದ್ದವಾಗುತ್ತದೆ. ಕಾರ್ಬನ್ ನಾರು ಹೆಚ್ಚುಕಡಿಮೆ ಇದ್ದಷ್ಟೇ ಇರುತ್ತದೆ. ಈ ಎಳೆದಾಟವನ್ನೆಲ್ಲ ನಡುವಿನ ಅಂಟು ತಾಳಬೇಕು. ಅದು ಬಿಟ್ಟರೆ ಆಕಾಶದಲ್ಲಿ ಹಿಡಿಕೆ ತಿರುಗಿಸಿದರೂ ರೆಕ್ಕೆ ಮಾತು ಕೇಳದು. ಒಳಗೆ ಒಬ್ಬರ ಜೀವ ಕೂತಿರುತ್ತದೆ.

ಹಾಗಾಗಿ ನಾವು ನಾಣ್ಯದಿಂದ ತಟ್ಟಿ ಕೇಳುತ್ತೇವೆ. ಟಣ್ ಅಂದರೆ ಗಟ್ಟಿ, ದಬ್ ಅಂದರೆ ಒಳಗೆ ಬಿಟ್ಟಿರುವ ಶಂಕೆ. ಬಿಟ್ಟ ತುಂಡನ್ನು ತೆಗೆದು, ಹಳೇ ಅಂಟು ಕೆರೆದು, ಮರಳುಕಾಗದದಿಂದ ಉಜ್ಜಿ, ಜಿಡ್ಡು ಕಳೆಯುತ್ತೇವೆ. ಆಮೇಲೆ ಬೆರಳೂ ತಾಗಿಸುವಂತಿಲ್ಲ. ಉಜ್ಜಿದ ಅಲ್ಯೂಮಿನಿಯಂ ಗಾಳಿಗೆ ಬೇಗ ಹೊಸ ಪೊರೆ ಕಟ್ಟುವುದರಿಂದ ತಡಮಾಡದೆ ಅಂಟು ಹಚ್ಚಬೇಕು. ಕಾರ್ಬನ್ ಇದ್ದರೆ ನಡುವೆ ತೆಳು ಗಾಜಿನ ಬಟ್ಟೆ ಇಡುತ್ತೇವೆ, ಇಲ್ಲದಿದ್ದರೆ ತೇವ ಸೇರಿ ಅಲ್ಯೂಮಿನಿಯಂ ಸವೆಯುತ್ತದೆ. ಅಂಟನ್ನು ತೂಕ ಮಾಡಿ ಕಲಸಿ, ಒತ್ತಿ ಹಿಡಿದು, ತಯಾರಕರು ಹೇಳಿದಷ್ಟು ಹೊತ್ತು, ಹೇಳಿದಷ್ಟೇ ಬಿಸಿಯಲ್ಲಿ ಬಿಡಬೇಕು. ಅವಸರ ನಡೆಯದು.

ಸಂಜೆ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಕಡೆ ಹೋದೆ. 1974ರಲ್ಲಿ ಆದ ಅಭಯಾರಣ್ಯವಿದು. ಹುಲ್ಲುಗಾವಲಿನ ಮೇಲೆ ಹದ್ದೊಂದು ರೆಕ್ಕೆ ಬಡಿಯದೆ ಸುತ್ತುತ್ತಿತ್ತು. ಬಿಸಿ ಗಾಳಿ ಮೇಲೇರುವ ಜಾಗವನ್ನೇ ಹುಡುಕಿ ಗ್ಲೈಡರೂ ಹೀಗೇ ಮೇಲೇರುತ್ತದೆ.

ಮಕ್ಕಳೇ, ನಮ್ಮ ಒಂದು ಪರೀಕ್ಷೆಯನ್ನು ನೀವೂ ಮಾಡಬಹುದು. ಊಟದ ಸ್ಟೀಲ್ ತಟ್ಟೆ ತೊಳೆದು, ನೀರು ಸುರಿದು ಓರೆ ಹಿಡಿಯಿರಿ. ನೀರು ತೆಳು ಹಾಳೆಯಂತೆ ಹರಡಿ ನಿಂತರೆ ಜಿಡ್ಡು ಹೋಗಿದೆ. ಹನಿ ಹನಿಯಾಗಿ ಒಡೆದರೆ? ಅಮ್ಮ ಹೇಳುವ ಮೊದಲೇ ಇನ್ನೊಮ್ಮೆ ಉಜ್ಜಿ!