ಕಾವಲುಗಾರನ ಪ್ರಶ್ನೆ

ಬಾಗಿಲು ತಟ್ಟಿದರೆ ಒಳಗಿನಿಂದ ‘ಕೌನ್?’ ಎಂದು ಕೇಳಿಯೇ ಚಿಲಕ ತೆಗೆಯುವುದು ಹಗರೆಯ ನಮ್ಮ ಮನೆಗಳ ರೂಢಿ. ಕಂಪ್ಯೂಟರಿನ ಫೈರ್‌ವಾಲ್ ಮಾಡುವುದೂ ಅದನ್ನೇ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಈ ಕಾವಲುಗಾರ ಇದ್ದ, ಆದರೆ ಮಲಗಿದ್ದ. 2003ರ ಆಗಸ್ಟ್‌ನಲ್ಲಿ ‘ಬ್ಲಾಸ್ಟರ್’ ಎಂಬ ಹುಳು, ಯಾರೂ ಏನನ್ನೂ ತೆರೆಯದೆಯೇ, ಲಕ್ಷಾಂತರ ಕಂಪ್ಯೂಟರುಗಳಿಗೆ ನುಗ್ಗಿತು. 2004ರ ಎರಡನೇ ಸರ್ವಿಸ್ ಪ್ಯಾಕ್ ಅವನನ್ನು ಎಬ್ಬಿಸಿ ನಿಲ್ಲಿಸಿತು.

ಈಚೆಗೆ ನಮ್ಮ ಲ್ಯಾಪ್‌ಟಾಪ್ ಪ್ರಿಂಟರಿನೊಡನೆ ಮಾತು ಬಿಟ್ಟಿತು. ‘ಫೈರ್‌ವಾಲ್ ಆಫ್ ಮಾಡಿಬಿಡಿ ಸಾರ್’ ಎಂದ ರಿಪೇರಿ ಹುಡುಗ. ನೆಂಟರು ಬರುತ್ತಾರೆಂದು ಬಾಗಿಲನ್ನೇ ಕಿತ್ತಿಡುವುದುಂಟೆ? ಒಳಗೆ ಇಪ್ಪತ್ತು ವರ್ಷದ ನಮ್ಮ ಕತೆಗಳಿವೆ. ನೋಡಿದರೆ, ಮನೆಯ ವೈಫೈ ‘ಪಬ್ಲಿಕ್’ ಎಂದಿತ್ತು, ‘ಪ್ರೈವೇಟ್’ ಮಾಡಿದೆವು. ಎರಡು ಆಂಟಿವೈರಸ್‌ಗಳು ಒಂದಕ್ಕೊಂದು ಅಡ್ಡ ಬರುತ್ತಿದ್ದವು, ಒಂದನ್ನು ತೆಗೆದೆವು. ಹಳೇಬೀಡಿನ ಗುಡಿಯಲ್ಲಿ ಬಾಗಿಲಿಗೆ ಇಬ್ಬರು ದ್ವಾರಪಾಲಕರು ಜಗಳವಿಲ್ಲದೆ ನಿಂತಿದ್ದಾರೆ. ಲ್ಯಾಪ್‌ಟಾಪಿಗೆ ಒಬ್ಬನೇ ಸಾಕು. ಪ್ರಿಂಟರ್ ಮಾತಾಡಿತು.

ಆದರೆ ಕಾವಲುಗಾರ ನಮ್ಮನ್ನು ಕೇಳುವುದು ಇಂಗ್ಲಿಷಿನಲ್ಲಿ. ಕನ್ನಡ, ಉರ್ದು ಎರಡನ್ನೂ ಸಲೀಸಾಗಿ ಓದುವ ಅಮ್ಮಿ, ಪರದೆಯ ಪ್ರಶ್ನೆ ತೊಲಗಲೆಂದು ‘ಅಲೌ’ ಒತ್ತುತ್ತಾರೆ. ಅರ್ಥವಾಗದ ಪ್ರಶ್ನೆಗೆ ಕೊಟ್ಟ ಒಪ್ಪಿಗೆ ಒಪ್ಪಿಗೆಯೇ? ವಿಂಡೋಸ್‌ಗೆ ಕನ್ನಡ ಹಾಕಿಕೊಳ್ಳಬಹುದು, ಹಾಕಿದೆವು. ಈಗ ಅಮ್ಮಿ ಓದುತ್ತಾರೆ, ಯೋಚಿಸುತ್ತಾರೆ, ಎಷ್ಟೋ ಸಲ ‘ಬೇಡ’ ಎನ್ನುತ್ತಾರೆ.